ಒಂದೇ ಟೆನರ್ ದನಿ, ಎರಡು ಬಗೆಯ ಫ್ರೆಂಚ್ ಹಾಡು

ಪ್ರಶ್ನೆ: ಪ್ಯಾರಿಸ್ ಒಲಿಂಪಿಕ್ಸ್ ಮುಕ್ತಾಯದ ದಿನ ಹಾಡಿದ ಬೆಂಜಮಿನ್ ಬರ್ನ್‌ಹೈಮ್ ಅವರ ದನಿ ನನ್ನ ಮನಸ್ಸಿನಲ್ಲೇ ಉಳಿದುಬಿಟ್ಟಿತು. ಹುಡುಕಿದಾಗ ಅವರ ‘ದೂಸ್ ಫ್ರಾನ್ಸ್’ ಆಲ್ಬಮ್ ಸಿಕ್ಕಿತು. ಬರೀ ಪಿಯಾನೊ ಜೊತೆ ಹಾಡಿದ್ದಾರೆ. ಹೆಚ್ಚಿನವು ನಿಧಾನದ, ಗಂಭೀರ ಹಾಡುಗಳು. ಆದರೆ ಅದರಲ್ಲೇ ಮೂರು ಹಾಡು ಹಳೇ ಸಿನಿಮಾ ಹಾಡಿನ ಥರ ಇವೆ. ಒಂದಂತೂ ನನಗೆ ‘ಆಟಮ್ ಲೀವ್ಸ್’ ಅಂತ ಮೊದಲೇ ಗೊತ್ತಿದ್ದ ಹಾಡು. ಇವು ಬೇರೆ ಬೇರೆ ಬಗೆಯ ಹಾಡುಗಳಾ? ನಮ್ಮಲ್ಲಿ ಭಾವಗೀತೆ, ಚಿತ್ರಗೀತೆ ಅನ್ನುವ ಹಾಗಾ? ಆಪೆರಾ ಹಾಡುವವರಿಗೆ ಇಂಥ ಹಾಡು ಒಗ್ಗುತ್ತದಾ? ಇನ್ನೊಂದು ಮಾತು. ನನ್ನ ಮಗಳಿಗೆ 16 ವರ್ಷ, ಪಾಶ್ಚಾತ್ಯ ಗಾಯನ ಕಲಿಯುತ್ತಿದ್ದಾಳೆ. ಲಘು ಹಾಡು ಹಾಡಿದರೆ ಗಂಟಲು ಕೆಡುತ್ತದೆ ಅಂತ ಅವಳಿಗೆ ಯಾರೋ ಹೇಳಿದ್ದಾರೆ. ನಿಜವಾ?

ಉತ್ತರ: ನಿಮ್ಮ ಪ್ರಶ್ನೆ ಓದಿ ತುಂಬಾ ಖುಷಿಯಾಯಿತು. ಆ ಆಲ್ಬಮ್ಮನ್ನು ನಾನೂ ಎಷ್ಟೋ ಸಲ ಕೇಳಿದ್ದೇನೆ. ಮಗಳ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ. ಅದಕ್ಕೆ ಉತ್ತರ ಕೊಡಬೇಕಾದರೆ ಮೊದಲ ಪ್ರಶ್ನೆಗಳು ಬಗೆಹರಿಯಬೇಕು.

ನೀವು ಟಿವಿಯಲ್ಲಿ ಕೇಳಿದ ಹಾಡಿನಿಂದಲೇ ಶುರು ಮಾಡೋಣ. 2024ರ ಆಗಸ್ಟ್ 11ರಂದು ಬರ್ನ್‌ಹೈಮ್ ಹಾಡಿದ್ದು ಅಪೊಲೊ ದೇವರ ಸ್ತುತಿ. ನೆಟ್ಟಗೆ ನಿಂತು ಗಾಳಿಯಲ್ಲಿ ತೂಗುತ್ತಿದ್ದ ಪಿಯಾನೊ ನುಡಿಸಿದವರು ಅಲೇನ್ ರೋಶ್. ಗ್ರೀಸಿನ ಡೆಲ್ಫಿಯಲ್ಲಿ 1893ರಲ್ಲಿ ಫ್ರೆಂಚ್ ಸಂಶೋಧಕರಿಗೆ ಒಂದು ಕಲ್ಲಿನ ಶಾಸನ ಸಿಕ್ಕಿತು. ಅದರ ಮೇಲೆ ಪದಗಳ ಜೊತೆ ಸ್ವರಗಳ ಗುರುತೂ ಇತ್ತು. ಗಾಬ್ರಿಯೆಲ್ ಫೋರೆ ಎಂಬ ಸಂಗೀತಕಾರ ಮರುವರ್ಷ ಅದಕ್ಕೆ ಪಕ್ಕವಾದ್ಯ ಬರೆದರು. 1894ರ ಜೂನ್‌ನಲ್ಲಿ ಪ್ಯಾರಿಸ್ಸಿನ ಸೊರ್ಬೋನ್ ವಿಶ್ವವಿದ್ಯಾಲಯದಲ್ಲಿ ನಡೆದ ಸಭೆಯಲ್ಲಿ ಅದನ್ನು ಹಾಡಲಾಯಿತು. ಈಗಿನ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಹುಟ್ಟಿದ್ದು ಅದೇ ಸಭೆಯಲ್ಲಿ. ಅಂದರೆ ಆ ಹಾಡನ್ನು ಸುಮ್ನೆ ಆರಿಸಿರಲಿಲ್ಲ. ಒಲಿಂಪಿಕ್ಸ್ 130 ವರ್ಷದ ಹಿಂದಿನ ತನ್ನ ಮೊದಲ ಸಭೆಯ ಹಾಡನ್ನು ನೆನಪು ಮಾಡಿಕೊಂಡಿತ್ತು.

ಬರ್ನ್‌ಹೈಮ್ ಹುಟ್ಟಿದ್ದು 1985ರಲ್ಲಿ, ಪ್ಯಾರಿಸ್ಸಿನಲ್ಲಿ. ಬೆಳೆದದ್ದು ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿ. ಜೂರಿಕ್ ಆಪೆರಾದ ಯುವ ಕಲಾವಿದರ ತಂಡದಲ್ಲಿ ಪಳಗಿ ಮೇಲೆ ಬಂದವರು. ರೋಮಿಯೊ, ವೆರ್ಥರ್, ಹಾಫ್‌ಮನ್ ಪಾತ್ರಗಳಿಗೆ ಇವತ್ತು ದೊಡ್ಡ ದೊಡ್ಡ ಆಪೆರಾ ಮನೆಗಳು ಕರೆಯುವ ಟೆನರ್, ಅಂದರೆ ಎತ್ತರದ ಗಂಡುದನಿಯ ಗಾಯಕ, ಇವರು. ‘ದೂಸ್ ಫ್ರಾನ್ಸ್’ ಬಂದಿದ್ದು 2024ರಲ್ಲಿ. ಪಿಯಾನೊ ಕೆನಡಾದ ಕ್ಯಾರಿ-ಆನ್ ಮ್ಯಾಥೆಸನ್ ಅವರದು. ಆಲ್ಬಮ್ಮಿನ ಹೆಸರಿನ ಕೆಳಗೇ ‘ಮೆಲೊದಿ ಮತ್ತು ಶಾನ್ಸೋಂ’ ಅಂತ ಇದೆ. ನಿಮ್ಮ ಪ್ರಶ್ನೆ ಇರುವುದೇ ಆ ಎರಡು ಪದಗಳ ನಡುವೆ.

ಶಾನ್ಸೋಂ ಅಂದರೆ ಫ್ರೆಂಚಿನಲ್ಲಿ ಹಾಡು, ಅಷ್ಟೇ. ಜೋಗುಳವೂ ಶಾನ್ಸೋಂ, ಸಿನಿಮಾ ಹಾಡೂ ಶಾನ್ಸೋಂ. ಮೆಲೊದಿ ಅಂದರೆ ಹಾಗಲ್ಲ. ಮೊದಲೇ ಅಚ್ಚಾಗಿರುವ ಒಂದು ಕವಿತೆಯನ್ನು ಸಂಗೀತಕಾರ ಎತ್ತಿಕೊಂಡು, ಒಂದು ದನಿ ಮತ್ತು ಪಿಯಾನೊಗಾಗಿ ಪೂರ್ತಿ ಬರೆದಿಟ್ಟ ಹಾಡು ಅದು. ಜರ್ಮನ್ನರು ಇಂಥದ್ದಕ್ಕೆ ಲೀಡ್ ಅನ್ನುತ್ತಾರೆ. ಭಾವಗೀತೆಯ ಹೋಲಿಕೆ ಅರ್ಧ ದಾರಿ ಸರಿ. ಕವಿತೆ ಮೊದಲು, ರಾಗ ಆಮೇಲೆ ಅನ್ನುವುದು ಎರಡರಲ್ಲೂ ಒಂದೇ. ಆದರೆ ಭಾವಗೀತೆಯಲ್ಲಿ ಧಾಟಿ ಕೂಡಿಸಿದ ಮೇಲೆ ಪಕ್ಕವಾದ್ಯ ಊರಿಗೊಂದು ಥರ ಆಗಬಹುದು. ಗಾಯಕರು ಒಂದು ಸಾಲನ್ನು ಎರಡು ಮೂರು ಬಗೆಯಲ್ಲಿ ಎಳೆದು ಹಾಡಬಹುದು. ಮೆಲೊದಿಯಲ್ಲಿ ಅದಕ್ಕೆ ಅವಕಾಶ ಇಲ್ಲ. ಪಿಯಾನೊದ ಪ್ರತಿ ಸ್ವರ, ದನಿ ಎಲ್ಲಿ ಮೆಲ್ಲಗಾಗಬೇಕು, ಎಲ್ಲಿ ಏರಬೇಕು, ಎಲ್ಲವೂ ಕಾಗದದ ಮೇಲೆ ಇರುತ್ತದೆ. ಪಿಯಾನೊ ಅಲ್ಲಿ ಹಿಂದೆ ನಿಂತು ಒತ್ತಾಸೆ ಕೊಡುವ ವಾದ್ಯವಲ್ಲ, ಹಾಡಿನ ಅರ್ಧ ಪಾಲು ಅದರದು.

ಆಪೆರಾ ಟೆನರ್ ಒಬ್ಬರು ಇಂಥ ಹಾಡು ಹಾಡುವುದು ಈಗಿನ ಹೊಸ ಪ್ರಯೋಗ ಅಂದುಕೊಳ್ಳಬೇಡಿ. ಫ್ರಾನ್ಸಿನಲ್ಲಿ ಅದು ಶುರುವಾಗಿದ್ದೇ ಹಾಗೆ. 1830ರ ದಶಕದಲ್ಲಿ ಪ್ಯಾರಿಸ್ ಆಪೆರಾದ ಮುಖ್ಯ ಟೆನರ್ ಅಡಾಲ್ಫ್ ನೂರಿ. ಇವರಿಗೆ ಆಸ್ಟ್ರಿಯಾದ ಶೂಬರ್ಟ್ ಬರೆದ ಹಾಡುಗಳ ಹುಚ್ಚು ಹಿಡಿಯಿತು. ಫ್ರೆಂಚಿಗೆ ತಂದ ಆ ಹಾಡುಗಳನ್ನು ಅವರು ಪ್ಯಾರಿಸ್ಸಿನ ಜನರ ಮುಂದೆ ಹಾಡತೊಡಗಿದರು. ಕೆಲವೊಮ್ಮೆ ಆ ಕಾಲದ ಹೆಸರಾಂತ ಪಿಯಾನೊ ವಾದಕ ಲಿಸ್ಟ್ ಜೊತೆಗೆ ನುಡಿಸಿದ್ದೂ ಉಂಟು. ಅಲ್ಲಿಯವರೆಗೆ ಫ್ರಾನ್ಸಿನಲ್ಲಿ ಇದ್ದದ್ದು ‘ರೊಮಾನ್ಸ್’ ಎಂಬ ಸರಳ, ಸಿಹಿ ಹಾಡು. ಶೂಬರ್ಟ್‌ನ ಹಾಡುಗಳನ್ನು ಕೇಳಿದ ಮೇಲೆ ಅಲ್ಲಿನ ಸಂಗೀತಕಾರರಿಗೆ ಪುಟ್ಟ ಹಾಡಿನಲ್ಲೂ ಎಷ್ಟು ಆಳಕ್ಕೆ ಇಳಿಯಬಹುದು ಅಂತ ಗೊತ್ತಾಯಿತು.

ನೂರಿಯ ಕತೆ ಅಲ್ಲಿಗೆ ಮುಗಿಯುವುದಿಲ್ಲ. ಬರ್ನ್‌ಹೈಮ್ ದನಿ ನಿಮ್ಮ ಮನಸ್ಸಿನಲ್ಲಿ ಯಾಕೆ ಉಳಿಯಿತು ಅನ್ನುವುದಕ್ಕೂ ಆ ಕತೆಗೂ ನಂಟಿದೆ ಅಂತ ನನ್ನ ನಂಬಿಕೆ. ನೂರಿ ಮೇಲಿನ ಸ್ವರಗಳನ್ನು ಹಗುರವಾಗಿ, ತಲೆಯ ದನಿ ಬೆರೆಸಿ ಹಾಡುತ್ತಿದ್ದರು. ಆಗಿನ ಫ್ರೆಂಚ್ ಟೆನರ್‌ಗಳ ಪದ್ಧತಿಯೇ ಅದು. 1837ರಲ್ಲಿ ಇಟಲಿಯಿಂದ ಮರಳಿದ ಗಿಲ್ಬೆರ್ ದ್ಯುಪ್ರೇ ಎಂಬ ಇನ್ನೊಬ್ಬ ಟೆನರ್ ಅದೇ ಪ್ಯಾರಿಸ್ ಆಪೆರಾದಲ್ಲಿ, ಇಟಲಿಯ ಸಂಗೀತಕಾರ ರೋಸ್ಸಿನಿಯ ‘ಗಿಯೋಮ್ ತೆಲ್’ ಆಪೆರಾ ಹಾಡುತ್ತಾ, ಮೇಲಿನ ‘ಸಿ’ ಸ್ವರವನ್ನು ಎದೆಯ ದನಿಯ ಪೂರ್ತಿ ಬಲದಲ್ಲಿ ಹೊಡೆದರು. ಜನ ಹುಚ್ಚೆದ್ದು ಹೋದರು. ರೋಸ್ಸಿನಿಗೆ ಮಾತ್ರ ಅದು ಹಿಡಿಸಲಿಲ್ಲ. ಕತ್ತು ಕುಯ್ಯಿಸಿಕೊಳ್ಳುವ ಹುಂಜದ ಕೂಗಿಗೆ ಅವರು ಅದನ್ನು ಹೋಲಿಸಿದ್ದು ಇವತ್ತಿಗೂ ಸಂಗೀತದವರ ಬಾಯಲ್ಲಿದೆ. ಆದರೆ ಕಾಲ ದ್ಯುಪ್ರೇಯ ಕಡೆ ವಾಲಿತು. ನೂರಿ ಪ್ಯಾರಿಸ್ ಬಿಟ್ಟು ಇಟಲಿಗೆ ಹೋದರು. ಹೊಸ ಪದ್ಧತಿ ಕಲಿಯಲು ಒದ್ದಾಡಿದರು. ತನ್ನ ಹಳೆಯ ದನಿಯ ನವಿರನ್ನೂ ಕಳೆದುಕೊಂಡೆ ಅನ್ನಿಸಿ ಕುಗ್ಗಿಹೋದರು. 1839ರಲ್ಲಿ ನೇಪಲ್ಸ್‌ನಲ್ಲಿ ತಮ್ಮ ಪ್ರಾಣ ತಾವೇ ಕಳೆದುಕೊಂಡರು. ಆಗಿನ್ನೂ 37 ವರ್ಷ. ಈ ಕತೆ ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಎದೆಯ ದನಿ, ತಲೆಯ ದನಿ ಅಂದರೆ ಏನು ಅಂತ ಒಂದು ಮಾತು. ನಾವು ಮಾತಾಡುವಾಗ, ಯಾರನ್ನಾದರೂ ಕೂಗಿ ಕರೆಯುವಾಗ ಬರುವುದು ಎದೆಯ ದನಿ. ಗಂಟಲಲ್ಲಿರುವ ಸ್ವರತಂತುಗಳು ಆಗ ದಪ್ಪವಾಗಿ, ಉದ್ದಕ್ಕೂ ಬಡಿದುಕೊಳ್ಳುತ್ತವೆ. ಹಗುರವಾಗಿ ಎತ್ತರದಲ್ಲಿ ‘ಊ’ ಅಂದಾಗ ಅಂಚು ಮಾತ್ರ ಕಂಪಿಸುತ್ತದೆ. ಅದು ತಲೆಯ ದನಿ. ಈ ಎರಡರ ನಡುವೆ ಒಂದು ಹಾದಿ ಇದೆ. ಫ್ರೆಂಚರು ಅದಕ್ಕೆ ‘ವಾ ಮಿಕ್ಸ್ತ್’ ಅನ್ನುತ್ತಾರೆ, ಅಂದರೆ ಬೆರೆತ ದನಿ. ಸ್ವರ ಎತ್ತರದಲ್ಲಿರುತ್ತದೆ, ಆದರೆ ಕೂಗು ಇರುವುದಿಲ್ಲ. ಮೆಲ್ಲಗೆ ಇರುತ್ತದೆ, ಆದರೆ ಪೇಲವ ಆಗುವುದಿಲ್ಲ. ದೊಡ್ಡ ಆಪೆರಾಗಳಲ್ಲಿ ಈ ದನಿಗೆ ಜಾಗ ಕಡಿಮೆಯಾಗುತ್ತಾ ಬಂದರೂ ಮೆಲೊದಿ ಹಾಡುವವರು ಅದನ್ನು ಕೈಬಿಡಲಿಲ್ಲ. ಪುಟ್ಟ ಕೋಣೆ, ಒಂದೇ ಪಿಯಾನೊ, ಕವಿತೆಯ ಸಾಲು. ಅಲ್ಲಿ ಕೂಗಿದರೆ ಕೆಲಸ ಕೆಡುತ್ತದೆ. ಬರ್ನ್‌ಹೈಮ್ ಈ ಬೆರೆತ ದನಿಯಲ್ಲಿ ನಿಜವಾದ ಮಾಸ್ಟರ್. ಆಪೆರಾದಲ್ಲೂ ಅದನ್ನು ಧೈರ್ಯವಾಗಿ ಬಳಸುತ್ತಾರೆ. ಈ ಆಲ್ಬಮ್‌ನಲ್ಲಿ ಆ ದನಿ ತನ್ನ ಮನೆಗೇ ಬಂದ ಹಾಗಿದೆ.

ಈಗ ಹಾಡುಗಳಿಗೆ ಬರೋಣ. ಫ್ರೆಂಚ್ ಸಂಗೀತಕಾರ ಬೆರ್ಲಿಯೋಜ್‌ನ ‘ಲೆ ನ್ಯುಯಿ ದೆತೆ’, ಅಂದರೆ ಬೇಸಿಗೆಯ ಇರುಳುಗಳು, ಆರು ಹಾಡುಗಳ ಗೊಂಚಲು. ಕವಿತೆಗಳು ತಿಯೊಫಿಲ್ ಗೋತಿಯೇಯವು. 1841ರಲ್ಲಿ ಅಚ್ಚಾದಾಗ ಪುಸ್ತಕದ ಮೇಲೆ ‘ಮೆಜೊ ಸೊಪ್ರಾನೊ ಅಥವಾ ಟೆನರ್ ದನಿಗೆ, ಪಿಯಾನೊ ಜೊತೆ’ ಅಂತಲೇ ಇತ್ತು. ಮೆಜೊ ಸೊಪ್ರಾನೊ ಅಂದರೆ ನಡು ಎತ್ತರದ ಹೆಣ್ಣುದನಿ. ಬೆರ್ಲಿಯೋಜ್ ಅದನ್ನು ಆರ್ಕೆಸ್ಟ್ರಾಕ್ಕೆ ಬರೆದು ಪೂರ್ತಿ ಅಚ್ಚು ಹಾಕಿಸಿದ್ದು 1856ರಲ್ಲಿ. ಆಮೇಲೆ ಆರ್ಕೆಸ್ಟ್ರಾ ರೂಪವೇ ಎಲ್ಲರ ಬಾಯಲ್ಲಿ ಉಳಿಯಿತು, ಹಾಡುವವರೂ ಹೆಚ್ಚಾಗಿ ಹೆಂಗಸರೇ ಆದರು. ರೆಜೀನ್ ಕ್ರೆಸ್ಪಾಂ, ಜಾನೆಟ್ ಬೇಕರ್ ಹಾಡಿದ ರೆಕಾರ್ಡುಗಳು ಎಷ್ಟು ಚೆನ್ನಾಗಿವೆ ಅಂದರೆ, ಇದು ಹೆಣ್ಣುದನಿಯ ಹಾಡು ಅಂತಲೇ ನಾವೆಲ್ಲ ತಿಳಿದುಬಿಟ್ಟಿದ್ದೆವು. ಟೆನರ್ ದನಿಯಲ್ಲಿ, ಪಿಯಾನೊ ಜೊತೆ ಕೇಳುವಾಗ ಅದು ತನ್ನ ಮೊದಲ ಉಡುಪಿನಲ್ಲಿ ಕಾಣುತ್ತದೆ. ಮೂರನೆಯ ಹಾಡಿನಲ್ಲಿ ಮಾತಾಡುವವನು ಪ್ರೀತಿಸಿದವಳನ್ನು ಕಳಕೊಂಡು ಒಬ್ಬನೇ ಕಡಲಿಗೆ ಹೊರಟ ಗಂಡಸು. ಆ ಅಳು ಗಂಡುದನಿಯಲ್ಲಿ ಬಂದಾಗ ಬೇರೆಯೇ ಥರ ತಟ್ಟುತ್ತದೆ.

ಐದನೆಯ ಹಾಡು ‘ಒ ಸಿಮೆತಿಯೇರ್’, ಸ್ಮಶಾನದಲ್ಲಿ. ಆರ್ಕೆಸ್ಟ್ರಾ ಪ್ರತಿಯಲ್ಲಿ ಬೆರ್ಲಿಯೋಜ್ ಒಂದೊಂದು ಹಾಡಿಗೆ ಒಂದೊಂದು ದನಿಯ ಹೆಸರು ಸೂಚಿಸಿದ್ದ. ಇದನ್ನು ಟೆನರ್‌ಗೆ ಕೊಟ್ಟಿದ್ದ. ಬಿಳಿ ಗೋರಿ, ಬೆಳದಿಂಗಳು, ಮರದ ಮೇಲೆ ಒಂಟಿ ಪಾರಿವಾಳ. ದನಿ ಅರ್ಧ ಮೆಟ್ಟಿಲು ಏರುತ್ತದೆ, ಅರ್ಧ ಮೆಟ್ಟಿಲು ಇಳಿಯುತ್ತದೆ. ಶುರುವಿನಲ್ಲಿ ಅದಕ್ಕಿಂತ ಜಾಸ್ತಿ ಅಲ್ಲಾಡುವುದೇ ಕಡಿಮೆ. ಇಡೀ ಆಲ್ಬಮ್‌ನಲ್ಲಿ ಒಂದೇ ಹಾಡು ಕೇಳಲು ಸಮಯವಿದ್ದರೆ ಇದನ್ನು ಕೇಳಿ. ಕೂಗಿ ಹಾಡಿದರೆ ಈ ಹಾಡು ಸತ್ತೇಹೋಗುತ್ತದೆ. ಬೆರೆತ ದನಿಯಲ್ಲಿ ಅದು ಉಸಿರಾಡುತ್ತದೆ.

ಎರ್ನೆಸ್ಟ್ ಶೋಸೋಂ ಬರೆದದ್ದು ‘ಪೊಯೆಮ್ ದ ಲಾಮೂರ್ ಎ ದ ಲಾ ಮೇರ್’, ಪ್ರೀತಿ ಮತ್ತು ಕಡಲಿನ ಕವಿತೆ. ಈ ಹೆಸರನ್ನು ಶಾನ್ಸೋಂ ಜೊತೆ ಗೊಂದಲ ಮಾಡಿಕೊಳ್ಳಬೇಡಿ, ಇದು ಸಂಗೀತಕಾರನ ಹೆಸರು. ವಕೀಲಿಕೆ ಓದಿ, ಅದನ್ನು ಬಿಟ್ಟು ಸಂಗೀತಕ್ಕೆ ಬಂದ ಮನುಷ್ಯ. ಈ ಕೃತಿಗೆ 1882ರಿಂದ ಸುಮಾರು ಹತ್ತು ವರ್ಷ ತೆಗೆದುಕೊಂಡ. ಇದನ್ನೂ ಇವತ್ತು ಹೆಂಗಸರೇ ಜಾಸ್ತಿ ಹಾಡುತ್ತಾರೆ. ಆದರೆ 1893ರ ಫೆಬ್ರವರಿಯಲ್ಲಿ ಬ್ರಸೆಲ್ಸ್‌ನಲ್ಲಿ ಮೊದಲ ಸಲ ಹಾಡಿದ್ದು ದೆಸಿರೆ ದೆಮೆಸ್ಟ್ ಎಂಬ ಟೆನರ್. ಪಿಯಾನೊ ಮುಂದೆ ಕೂತಿದ್ದವರು ಸ್ವತಃ ಶೋಸೋಂ. ಹಾಗಾಗಿ ಬರ್ನ್‌ಹೈಮ್ ಮತ್ತು ಮ್ಯಾಥೆಸನ್ ಅವರ ಜೋಡಿ ಮೊದಲ ದಿನದ ಆ ಜೋಡಿಯ ಹಾದಿಯಲ್ಲೇ ಇದೆ. ಶೋಸೋಂ ಆರೇ ವರ್ಷದ ನಂತರ, 44ನೇ ವಯಸ್ಸಿಗೆ, ಸೈಕಲ್ಲಿನಿಂದ ಬಿದ್ದು ತೀರಿಕೊಂಡ.

ಸಂಗೀತಕಾರ ಆನ್ರಿ ದ್ಯುಪಾರ್ಕ್ ಬದುಕು ಇನ್ನೂ ವಿಚಿತ್ರ. 1848ರಲ್ಲಿ ಹುಟ್ಟಿದ. 37ನೇ ವಯಸ್ಸಿಗೆ, ನರಗಳ ಕಾಯಿಲೆಯಿಂದ, ಬರೆಯುವುದನ್ನೇ ನಿಲ್ಲಿಸಿದ. ಬರೆದದ್ದರಲ್ಲಿ ಬಹಳಷ್ಟನ್ನು ತಾನೇ ಹಾಳುಮಾಡಿದ. ಬದುಕಿದ್ದು ಮಾತ್ರ 1933ರವರೆಗೆ. ಉಳಿಸಿಹೋದ ಮೆಲೊದಿಗಳು ಹದಿನೇಳೋ ಏನೋ, ಒಂದು ತೆಳ್ಳಗಿನ ಪುಸ್ತಕದಷ್ಟು. ಆ ತೆಳ್ಳಗಿನ ಪುಸ್ತಕ ಇಲ್ಲದೆ ಫ್ರೆಂಚ್ ಗಾಯನದ ಪಾಠವೇ ನಡೆಯುವುದಿಲ್ಲ. ಬೋದ್ಲೇರ್ ಕವಿತೆಗೆ 1870ರಲ್ಲಿ ಬರೆದ ‘ಲಾಂವಿತಾಸಿಯೋಂ ಒ ವೊಯಾಜ್’, ಅಂದರೆ ಪಯಣಕ್ಕೆ ಕರೆ, ಅದರಲ್ಲಿ ಒಂದು. ಪಿಯಾನೊ ನೀರಿನ ಮೇಲಿನ ಬೆಳಕಿನ ಹಾಗೆ ಅಲುಗುತ್ತಲೇ ಇರುತ್ತದೆ. ಕವಿತೆಯಲ್ಲಿ ಮರಳಿ ಮರಳಿ ಬರುವ ಸಾಲು ಬಂದಾಗ ಪಿಯಾನೊ ಅಲುಗುವುದನ್ನು ನಿಲ್ಲಿಸುತ್ತದೆ. ದನಿ ಹೆಚ್ಚುಕಡಿಮೆ ಒಂದೇ ಸ್ವರದ ಮೇಲೆ, ಮಾತಿನಂತೆ, ಆ ಸಾಲನ್ನು ಹೇಳಿಬಿಡುತ್ತದೆ. ಈ ಜಾಗವನ್ನು ನೆನಪಿಟ್ಟುಕೊಳ್ಳಿ, ಮತ್ತೆ ಇಲ್ಲಿಗೆ ಬರುತ್ತೇನೆ.

ಇನ್ನು ನಿಮ್ಮನ್ನು ಕಾಡಿದ ಆ ಮೂರು ಹಾಡುಗಳು.

‘ಆಟಮ್ ಲೀವ್ಸ್’ ಅಂತ ನಿಮಗೆ ಗೊತ್ತಿರುವುದರ ಮೂಲ ಹೆಸರು ‘ಲೆ ಫೋಯ್ ಮೋರ್ತ್’, ಸತ್ತ ಎಲೆಗಳು. ರಾಗ ಬುಡಾಪೆಸ್ಟ್‌ನಲ್ಲಿ ಹುಟ್ಟಿ 1933ರಲ್ಲಿ ಪ್ಯಾರಿಸ್ಸಿಗೆ ಬಂದ ಜೋಸೆಫ್ ಕೊಸ್ಮಾ ಅವರದು. ಯಹೂದಿ ಆಗಿದ್ದರಿಂದ ಜರ್ಮನ್ನರ ಆಕ್ರಮಣದ ಕಾಲದಲ್ಲಿ ಅವರು ತಮ್ಮ ಹೆಸರಿನಲ್ಲಿ ಕೆಲಸ ಮಾಡುವಂತಿರಲಿಲ್ಲ. ಯುದ್ಧ ಮುಗಿದ 1945ರಲ್ಲಿ ಒಂದು ಬ್ಯಾಲೆ ನೃತ್ಯಕ್ಕಾಗಿ ಈ ರಾಗ ಹುಟ್ಟಿತು. ಕವಿ ಜಾಕ್ ಪ್ರೆವೇರ್ ಅದಕ್ಕೆ ಪದ ಕೊಟ್ಟರು. 1946ರಲ್ಲಿ ಸಿನಿಮಾದಲ್ಲಿ ಬಂತು. ಇವ್ ಮೊಂತಾಂ ಹಾಡಿ ಮನೆಮಾತು ಮಾಡಿದರು. ಇಂಗ್ಲಿಷ್ ಪದಗಳು ಅಮೆರಿಕದ ಜಾನಿ ಮರ್ಸರ್ ಅವರದು. ಜಾಸ್ ನುಡಿಸುವವರು ಸಾಮಾನ್ಯವಾಗಿ ಪಲ್ಲವಿಯನ್ನಷ್ಟೇ ನುಡಿಸುತ್ತಾರೆ. ಫ್ರೆಂಚಿನಲ್ಲಿ ಅದಕ್ಕೂ ಮುಂಚೆ ಒಂದು ಉದ್ದನೆಯ ಭಾಗ ಇದೆ, ಹೆಚ್ಚುಕಡಿಮೆ ಮಾತು. ಹಳೆಯ ಪ್ರೀತಿಯನ್ನು ನೆನೆಯುತ್ತಾ ಎದುರಿಗಿರುವವಳಿಗೆ ಹೇಳುವ ಮಾತು. ಅದಿಲ್ಲದೆ ಪಲ್ಲವಿ ತಲೆ ಇಲ್ಲದ ಮೈಯಂತೆ ನನಗೆ ಕೇಳುತ್ತದೆ.

‘ದೂಸ್ ಫ್ರಾನ್ಸ್’ ಅಂದರೆ ಸಿಹಿಯಾದ ಫ್ರಾನ್ಸ್. ಶಾರ್ಲ್ ಟ್ರೆನೆ 1943ರಲ್ಲಿ, ದೇಶ ಜರ್ಮನ್ನರ ಕೈಯಲ್ಲಿದ್ದಾಗ, ಬರೆದ ಹಾಡು. ಊರಿನ ಶಾಲೆ, ಬಾಲ್ಯ, ಹಳ್ಳಿ. ಬೇರೇನೂ ಇಲ್ಲ. ಆ ಹೊತ್ತಿಗೆ ಅಷ್ಟು ಸಾಕಿತ್ತು. 1986ರಲ್ಲಿ ರಶೀದ್ ತಾಹಾ ಇದ್ದ ‘ಕಾರ್ತ್ ದ ಸೆಜೂರ್’ ತಂಡ ಅದನ್ನು ಅರಬ್ ಸಂಗೀತದ ಧಾಟಿ ಬೆರೆಸಿ ಹಾಡಿತು. ಪೌರತ್ವದ ಕಾನೂನು ಬಿಗಿ ಮಾಡುವ ಚರ್ಚೆ ನಡೆದಿದ್ದ ಕಾಲ ಅದು. ಆ ರೆಕಾರ್ಡನ್ನು ಸಂಸದರಿಗೂ ಹಂಚಿದರು. ವಲಸೆ ಬಂದವರ ಮಕ್ಕಳು ‘ಇದು ನಮ್ಮ ಬಾಲ್ಯದ ದೇಶವೂ ಹೌದು’ ಅಂತ ಹೇಳಿದ ಬಗೆ ಅದು. ಮೂರನೆಯದು ಬೆಲ್ಜಿಯಂನ ಜಾಕ್ ಬ್ರೆಲ್ 1956ರಲ್ಲಿ ಹಾಡಿದ ‘ಕಾಂತ್ ಓಂ ನಾ ಕ ಲಾಮೂರ್’, ಪ್ರೀತಿಯೊಂದೇ ಕೈಯಲ್ಲಿ ಇರುವಾಗ. 2015ರ ನವೆಂಬರ್ ಭಯೋತ್ಪಾದಕ ದಾಳಿಯಲ್ಲಿ ಸತ್ತವರಿಗಾಗಿ ಪ್ಯಾರಿಸ್ಸಿನಲ್ಲಿ ನಡೆದ ಶ್ರದ್ಧಾಂಜಲಿ ಸಭೆಯಲ್ಲಿ ಇದನ್ನೇ ಹಾಡಿದರು. ಇಂಥ ಹಾಡನ್ನು ‘ಲಘು’ ಅಂತ ಕರೆಯಲು ನನಗಂತೂ ಮನಸ್ಸು ಬರುವುದಿಲ್ಲ.

ಹಾಗಾದರೆ ವ್ಯತ್ಯಾಸ ಎಲ್ಲಿದೆ? ನನ್ನ ಅನುಭವದಲ್ಲಿ ಒಂದೇ ಜಾಗದಲ್ಲಿದೆ. ಪದದ ಮೇಲೆ ಯಾರ ಹಿಡಿತ ಅನ್ನುವುದರಲ್ಲಿ. ಮೆಲೊದಿಯಲ್ಲಿ ಯಾವ ಅಕ್ಷರ ಎಷ್ಟು ಹೊತ್ತು ನಿಲ್ಲಬೇಕು ಅಂತ ಸಂಗೀತಕಾರ ಮೊದಲೇ ತೀರ್ಮಾನಿಸಿರುತ್ತಾನೆ. ಗಾಯಕ ಆ ಅಳತೆಯೊಳಗೆ ಜೀವ ತುಂಬಬೇಕು. ಶಾನ್ಸೋಂನಲ್ಲಿ ಆ ತೀರ್ಮಾನ ಹಾಡುವವನದು. ಒಂದು ಪದವನ್ನು ತಾಳಕ್ಕಿಂತ ತಡವಾಗಿ ಬಿಡಬಹುದು, ಇನ್ನೊಂದನ್ನು ಬರೀ ಉಸಿರಿನಲ್ಲಿ ಹೇಳಬಹುದು. ಆಪೆರಾ ಗಾಯಕರು ಶಾನ್ಸೋಂ ಹಾಡಿ ಎಡವುವುದು ಹೆಚ್ಚಾಗಿ ಇಲ್ಲೇ. ಬರೆದದ್ದನ್ನು ಬರೆದಂತೆ ಹಾಡಿಬಿಡುತ್ತಾರೆ. ಸ್ವರ ಎಲ್ಲಾ ಸರಿ ಇರುತ್ತದೆ, ಮಾತು ಮಾತ್ರ ಯಾರ ಕಿವಿಗೂ ಬೀಳುವುದಿಲ್ಲ.

ಉಚ್ಚಾರದಲ್ಲೂ ಇದು ಕಾಣುತ್ತದೆ. ಎಷ್ಟೋ ಫ್ರೆಂಚ್ ಪದಗಳ ಕೊನೆಯಲ್ಲಿ ಒಂದು ಸಣ್ಣ ‘ಅ’ ಥರದ ಸ್ವರ ಅಡಗಿರುತ್ತದೆ. ಮಾತಿನಲ್ಲಿ ಅದು ಬಿದ್ದುಹೋಗುತ್ತದೆ. ಕವಿತೆಯಲ್ಲಿ ಅದಕ್ಕೂ ಮಾತ್ರೆಯ ಲೆಕ್ಕ ಇದೆ. ನಮ್ಮಲ್ಲಿ ಹಾಡಿನಲ್ಲಿ ‘ಬಂದನು’ ಅಂದು, ಮಾತಿನಲ್ಲಿ ‘ಬಂದ’ ಅನ್ನುವುದಿಲ್ವಾ, ಹಾಗೆ. ಮೆಲೊದಿ ಬರೆದವರು ಆ ಸಣ್ಣ ಸ್ವರಕ್ಕೂ ಒಂದು ಸ್ವರಸ್ಥಾನ ಕೊಡುತ್ತಾರೆ. ಶಾನ್ಸೋಂ ಹಾಡುವವರು ಬೇಕಾದಲ್ಲಿ ಇಟ್ಟು, ಬೇಡವಾದಲ್ಲಿ ಬಿಡುತ್ತಾರೆ. ಟ್ರೆನೆ ಹುಟ್ಟಿದ್ದು ದಕ್ಷಿಣದ ನಾರ್ಬೋನ್‌ನಲ್ಲಿ. ಆ ಕಡೆಯವರು ಮಾತಿನಲ್ಲೂ ಅದನ್ನು ಬಿಡುವುದಿಲ್ಲ ಅನ್ನುವುದು ಬೇರೆ ಮಾತು. ‘ರ’ಕಾರವೂ ಹಾಗೇ. ಆಪೆರಾದಲ್ಲಿ ನಾಲಿಗೆಯ ತುದಿಯಿಂದ, ನಮ್ಮ ‘ರ’ ಥರ. ಫ್ರೆಂಚರ ದಿನನಿತ್ಯದ ಮಾತಿನಲ್ಲಿ ಗಂಟಲಿನ ಹಿಂದಿನಿಂದ. ಯಾವ ಹಾಡಿಗೆ ಯಾವ ‘ರ’ ಅನ್ನುವುದು ಗಾಯಕ ಕೂತು ಯೋಚಿಸಬೇಕಾದ ವಿಷಯ.

ಎರಡನೆಯ ತೊಡಕು ಶ್ರುತಿಯದು. ಇದನ್ನು ಜನ ಗಮನಿಸುವುದು ಕಡಿಮೆ. ಶಾನ್ಸೋಂ ಹುಟ್ಟಿದ್ದು ಮಾತಿನ ಎತ್ತರದಲ್ಲಿ. ಗಂಡಸಿನ ಮಾತಿನ ದನಿ ಸೆಕೆಂಡಿಗೆ ಸುಮಾರು 100ರಿಂದ 130 ಕಂಪನಗಳಷ್ಟು. ಟೆನರ್‌ನ ಮೇಲಿನ ‘ಸಿ’ 523ರ ಹತ್ತಿರ. ಟೆನರ್ ದನಿಯ ಸೊಬಗೆಲ್ಲ ಮೇಲಿದೆ, ಕೆಳಗೆ ಅದು ತೆಳು. ಮೊಂತಾಂ ಹಾಡಿದ ಎತ್ತರದಲ್ಲೇ ಹಾಡಿದರೆ ದನಿ ಕಳೆಗುಂದುತ್ತದೆ. ಶ್ರುತಿ ಏರಿಸಿದರೆ ಮಾತು ಹೋಗಿ ಆಪೆರಾ ಹಾಡಾಗುತ್ತದೆ. ಈ ಎರಡರ ನಡುವೆ ಒಂದು ಇಕ್ಕಟ್ಟಾದ ಜಾಗ ಇದೆ. ಅಲ್ಲಿ ಬೆರೆತ ದನಿಯೇ ಕಾಪಾಡುವುದು. ಶ್ರುತಿ ಸ್ವಲ್ಪ ಮೇಲಿದ್ದರೂ ಆ ದನಿ ಮಾತಿನಂತೆ ಹತ್ತಿರ ಕೇಳುತ್ತದೆ.

ಮೂರನೆಯದು ಮೈಕು. ಮೈಕಿನ ಸಹಾಯವಿಲ್ಲದೆ ಆರ್ಕೆಸ್ಟ್ರಾ ದಾಟಿ ಕೊನೆಯ ಸಾಲಿನವರಿಗೆ ಕೇಳಬೇಕಾದರೆ ದನಿಗೆ ಒಂದು ಹೊಳಪು ಬೇಕು. ಆರ್ಕೆಸ್ಟ್ರಾದ ಬಲ ಸುಮಾರು 500 ಹರ್ಟ್ಜ್, ಅಂದರೆ ಸೆಕೆಂಡಿಗೆ 500 ಕಂಪನದ ಸುತ್ತ ಜಾಸ್ತಿ. ಆಪೆರಾ ಗಾಯಕರು 3000 ಹರ್ಟ್ಜ್ ಸುತ್ತ ದನಿಯನ್ನು ಮೊನಚು ಮಾಡಿಕೊಳ್ಳುತ್ತಾರೆ. ಅಲ್ಲಿ ಆರ್ಕೆಸ್ಟ್ರಾ ಬಲ ಕಡಿಮೆ, ಹಾಗಾಗಿ ದನಿ ಸೀಳಿಕೊಂಡು ಬರುತ್ತದೆ. ವರ್ಷಗಟ್ಟಲೆ ಅಭ್ಯಾಸದಿಂದ ಬರುವ ಗುಣ ಇದು. 1925ರಲ್ಲಿ ರೆಕಾರ್ಡಿಂಗ್‌ಗೆ ಮೈಕು ಬಂತು. ಮೆಲ್ಲಗೆ ಹಾಡುವವರಿಗೂ ದಾರಿ ತೆರೆಯಿತು. ಫ್ರಾನ್ಸಿನಲ್ಲಿ ಜಾಂ ಸಾಬ್ಲೋಂ 1936ರಲ್ಲಿ ವೇದಿಕೆಗೇ ಮೈಕು ತಂದಾಗ ಜನ ನಕ್ಕಿದ್ದರು. ಆಮೇಲಿನ ಶಾನ್ಸೋಂ ಎಲ್ಲಾ ತುಟಿಯ ಹತ್ತಿರದ ಮೈಕಿನ ಮಕ್ಕಳು. 3000 ಹರ್ಟ್ಜ್‌ನ ಮೊನಚನ್ನು ಆ ಮೈಕಿಗೆ ಹಾಗೇ ಒಡ್ಡಿದರೆ ಕಿವಿಗೆ ಚುಚ್ಚುತ್ತದೆ. ಅದಕ್ಕೇ ಆಪೆರಾ ಗಾಯಕರನ್ನು ರೆಕಾರ್ಡ್ ಮಾಡುವಾಗ ಮೈಕು ದೂರ ಇಡುತ್ತಾರೆ, ಕೋಣೆಯ ಗಾಳಿಯೂ ಅದರಲ್ಲಿ ಸೇರುತ್ತದೆ.

ಈ ಆಲ್ಬಮ್ ನನಗೆ ಹಿಡಿಸಿದ್ದಕ್ಕೆ ದೊಡ್ಡ ಕಾರಣ ಅದರ ಸರಳತೆ. ಶಾನ್ಸೋಂ ಬಂದ ಕೂಡಲೇ ಅಕಾರ್ಡಿಯನ್, ಪಿಟೀಲುಗಳ ಸಾಲು ತಂದು ಕೂರಿಸಿಲ್ಲ. ಬೋದ್ಲೇರ್‌ಗೆ ನುಡಿಸಿದ ಪಿಯಾನೊವೇ ಪ್ರೆವೇರ್‌ಗೂ. ಹಾಗೆ ಪಕ್ಕಪಕ್ಕ ಇಟ್ಟಾಗ ಈ ಹಾಡುಗಳು ಒಂದೇ ಮನೆಯ ಮಕ್ಕಳಂತೆ ಕಾಣುತ್ತವೆ. ಮೂರರಲ್ಲಿ ಬ್ರೆಲ್ ಹಾಡೇ ಅಪಾಯದ್ದು. ಅದು ಮೆಲ್ಲಗೆ ಶುರುವಾಗಿ ಸಾಲು ಸಾಲಿಗೂ ಏರುತ್ತಾ ಹೋಗುತ್ತದೆ. ಕೊನೆಯಲ್ಲಿ ದೊಡ್ಡ ದನಿ ತೆಗೆಯುವ ಆಸೆ ಯಾವ ಟೆನರ್‌ಗೂ ಬರುತ್ತದೆ. ಆದರೆ ಬ್ರೆಲ್ ಹಾಡಿದಾಗ ಆ ಏರು ದನಿಯ ಬಲದಿಂದ ಬಂದದ್ದಲ್ಲ, ಹೇಳಲೇಬೇಕು ಅನ್ನುವ ಒತ್ತಾಯದಿಂದ ಬಂದದ್ದು. ಮೂರರಲ್ಲಿ ಬರ್ನ್‌ಹೈಮ್ ದನಿಗೆ ಚೆನ್ನಾಗಿ ಒಗ್ಗಿದ್ದು ‘ಲೆ ಫೋಯ್ ಮೋರ್ತ್’ ಅಂತ ನನಗೆ ಅನ್ನಿಸುತ್ತದೆ. ಆ ಹಾಡಿಗೆ ಬೇಕಾದ್ದೂ ನೂರಿಯ ಕಾಲದ ಆ ನವಿರೇ.

ಎರಡು ಬಗೆಯ ನಡುವಿನ ಗೋಡೆ ಯಾವತ್ತೂ ಅಷ್ಟೇನೂ ದಪ್ಪ ಇರಲಿಲ್ಲ. ಸಂಗೀತಕಾರ ಎರಿಕ್ ಸಾಟಿ ಹೊಟ್ಟೆಪಾಡಿಗೆ ಪ್ಯಾರಿಸ್ಸಿನ ಮೊಂಮಾರ್ತ್ರ್‌ನ ಕ್ಯಾಬರೆಗಳಲ್ಲಿ, ಅಂದರೆ ಹಾಡು-ಕುಣಿತ ಇರುವ ಪಾನಗೃಹಗಳಲ್ಲಿ, ಪಿಯಾನೊ ನುಡಿಸುತ್ತಿದ್ದರು. ಕ್ಯಾಬರೆ ಗಾಯಕಿ ಪೋಲೆತ್ ದಾರ್ತಿಗಾಗಿ ಅವರು ಬರೆದ ವಾಲ್ಟ್ಜ್ ಹಾಡನ್ನು ಇವತ್ತು ಆಪೆರಾ ಗಾಯಕಿಯರು ಹಾಡುತ್ತಾರೆ. ಸಂಗೀತಕಾರ ಪುಲಾಂಕ್ ಶಾನ್ಸೋಂ ಗಾಯಕಿ ಎಡಿತ್ ಪಿಯಾಫ್ ಹೆಸರಿನಲ್ಲಿ ಪಿಯಾನೊ ಕೃತಿ ಬರೆದರು. ಆಚೆ ಕಡೆ, ಪ್ಯಾರಿಸ್ಸಿನ ಕ್ಯಾಬರೆಗಳಲ್ಲಿ ಹಾಡುತ್ತಿದ್ದ ರೊಬರ್ಟೊ ಅಲಾನ್ಯಾ ಆಪೆರಾಕ್ಕೆ ಬಂದು ದೊಡ್ಡ ಟೆನರ್ ಆದರು. 2005ರಲ್ಲಿ ಅವರು ಹಳೆಯ ಜನಪ್ರಿಯ ಗಾಯಕ ಲೂಯಿಸ್ ಮರಿಯಾನೊ ಅವರ ಹಾಡುಗಳ ಆಲ್ಬಮ್ ಮಾಡಿದರು. ಅಲಾನ್ಯಾಗೆ ಅದು ಬಾಲ್ಯದ ಮನೆಯ ಹಾಡು, ಅದರ ಬಿಸಿ ದನಿಯಲ್ಲೇ ಇದೆ. ಬರ್ನ್‌ಹೈಮ್‌ರದ್ದು ಬೇರೆ ಹಾದಿ. ಅವರು ಕವಿತೆಯ ಬಾಗಿಲಿನಿಂದ ಒಳಗೆ ಬರುತ್ತಾರೆ.

ಈಗ ನಿಮ್ಮ ಮಗಳ ವಿಷಯ. ಮೆಲ್ಲಗೆ, ಮಾತಿನಂತೆ ಹಾಡಿದರೆ ಗಂಟಲು ಕೆಡುವುದಿಲ್ಲ. ಗಂಟಲು ಕೆಡುವುದು ತಳ್ಳಿದಾಗ. ಎದೆಯ ದನಿಯನ್ನು ಅದರ ಮಿತಿ ಮೀರಿ ಮೇಲಕ್ಕೆ ಎಳೆದಾಗ, ಇನ್ನೊಬ್ಬರ ದನಿಯ ಬಣ್ಣ ತರಲು ಗಂಟಲು ಬಿಗಿದಾಗ, ದಣಿದ ಮೇಲೂ ಹಾಡುತ್ತಲೇ ಇದ್ದಾಗ. ಇದು ಜನಪ್ರಿಯ ಹಾಡಿನಲ್ಲೂ ಆಗುತ್ತದೆ, ಆಪೆರಾ ಹಾಡಿನಲ್ಲೂ ಆಗುತ್ತದೆ. 16ರ ವಯಸ್ಸಿಗೆ ದೊಡ್ಡ ಆಪೆರಾ ಹಾಡುಗಳೇ ಹೆಚ್ಚು ಅಪಾಯ ಅಂತ ನಾನು ಹೇಳುತ್ತೇನೆ. ಹಾಡಿದ ಮೇಲೆ ಮಾತಾಡುವ ದನಿ ಒಡೆಯುತ್ತಿದ್ದರೆ, ಮರುದಿನವೂ ಹಾಗೇ ಇದ್ದರೆ ಹಾಡು ನಿಲ್ಲಿಸಿ. ಎರಡು ಮೂರು ವಾರ ಹಾಗೇ ಇದ್ದರೆ ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಿ.

ಅವಳಿಗೆ ಎರಡು ಮೆಲೊದಿ ಹೇಳುತ್ತೇನೆ. ಎರಡೂ ವಿಕ್ಟರ್ ಹ್ಯೂಗೊ ಕವಿತೆಗಳು, ಎರಡಕ್ಕೂ ರಾಗ ಕೂಡಿಸಿದವರು ಆಗಿನ್ನೂ ಹುಡುಗರು. ಒಂದು ಫೋರೆ 16ನೇ ವಯಸ್ಸಿನಲ್ಲಿ ಬರೆದ ‘ಲ ಪಾಪಿಯೋಂ ಎ ಲಾ ಫ್ಲೋರ್’, ಚಿಟ್ಟೆ ಮತ್ತು ಹೂವು. ಇನ್ನೊಂದು ರೇನಾಲ್ಡೊ ಆನ್ ಎಂಬ ಸಂಗೀತಕಾರ ಅವಳಿಗಿಂತಲೂ ಚಿಕ್ಕವರಿದ್ದಾಗ ಬರೆದ ‘ಸಿ ಮೆ ವೇರ್ ಅವೆ ದೆ ಜೇಲ್’, ನನ್ನ ಕವಿತೆಗೆ ರೆಕ್ಕೆ ಇದ್ದಿದ್ದರೆ. ಹಾಡುವ ಮುಂಚೆ ಕವಿತೆಯನ್ನು ಸುಮ್ನೆ ಓದಲಿ, ಹತ್ತು ಸಲ, ಜೋರಾಗಿ. ನಾಲಿಗೆ ‘ಈ’ ಜಾಗದಲ್ಲಿ, ತುಟಿ ‘ಊ’ ಆಕಾರದಲ್ಲಿ ಇಟ್ಟರೆ ಫ್ರೆಂಚಿನ ಆ ಕಷ್ಟದ ‘ಯೂ’ ಬರುತ್ತದೆ. ಮೂಗಿನ ಸ್ವರಗಳಿಗೆ, ಮನೆಯ ಹತ್ತಿರ ಯಾರಾದರೂ ಕೊಂಕಣಿ ಮಾತಾಡುವವರಿದ್ದರೆ ಅವರನ್ನು ಗಮನವಿಟ್ಟು ಕೇಳಲಿ. ಆ ಭಾಷೆಯಲ್ಲಿ ಮೂಗಿನ ಸ್ವರಗಳು ಸಹಜವಾಗೇ ಇವೆ.

ಇನ್ನು ನೀವಿಬ್ಬರೂ ಕೂತು ಕೇಳಲು ಒಂದು ಜೋಡಿ. ದ್ಯುಪಾರ್ಕ್ ಮೆಲೊದಿ ಮಾಡಿದ ಬೋದ್ಲೇರ್‌ನ ಆ ಪಯಣದ ಕವಿತೆಯನ್ನೇ ಲೆಯೋ ಫೆರೆ 1957ರಲ್ಲಿ ಶಾನ್ಸೋಂ ಆಗಿ ಹಾಡಿದ್ದಾರೆ. ಕವಿತೆ ಒಂದೇ, ನಡುವೆ 87 ವರ್ಷ. ಮೊದಲು ಫೆರೆ ಕೇಳಿ, ಅವರು ಪದಗಳನ್ನು ತಮಗೆ ಬೇಕಾದಂತೆ ಹೇಗೆ ಬಿಡುತ್ತಾರೆ ಅಂತ ಗಮನಿಸಿ. ಆಮೇಲೆ ದ್ಯುಪಾರ್ಕ್. ಪಿಯಾನೊ ನಿಂತು ದನಿ ಒಂದೇ ಸ್ವರದಲ್ಲಿ ಮಾತಾಡುವ ಆ ಜಾಗ ಬಂದಾಗ, ಮಗಳನ್ನು ಕೇಳಿ ನೋಡಿ: ಇಲ್ಲಿ ಅವರು ಹಾಡುತ್ತಿದ್ದಾರಾ, ಹೇಳುತ್ತಿದ್ದಾರಾ? ಅವಳು ಏನಂದಳು ಅಂತ ನನಗೆ ಬರೆದು ತಿಳಿಸಿ.